ಓಪನ್ ಸೋರ್ಸ್ ಚೌಕಟ್ಟುಗಳಲ್ಲಿ ಕೋಡಿನ ಶುದ್ಧಿಯೂ ಕೈಪಿಡಿಯ ಅಗತ್ಯವೂ

ಗಣಕಯಂತ್ರವನ್ನು ಕುರಿತು ನಮ್ಮ ಬಾಲಿಕೆಯರು ಈಗ ಶಾಲೆಯಲ್ಲಿಯೇ ಅಷ್ಟಿಷ್ಟು ಕಲಿತುಕೊಳ್ಳುತ್ತಾರೆ. ಯಂತ್ರವು ಮಾಡತಕ್ಕ ಕೆಲಸವನ್ನು ಕ್ರಮವಾಗಿ ಬರೆದಿಟ್ಟ ಆಜ್ಞೆಗಳ ಪಾಠಕ್ಕೆ ಕೋಡ್ ಎಂದು ಹೆಸರೆಂಬದನ್ನು ಅವರಿಗೆ ಹೊಸದಾಗಿ ಹೇಳಬೇಕಾದದ್ದಿಲ್ಲ. ಆದರೆ ಆ ಪಾಠವನ್ನು ಓದುವವರು ಎರಡು ತೆರನಾಗಿರುವರೆಂಬ ಸಂಗತಿಯು ಅನೇಕರ ಗಮನಕ್ಕೆ ಬಂದಿರುವದಿಲ್ಲ. ಒಂದನೆಯದು ಯಂತ್ರ, ಅದು ಬರೆದದ್ದನ್ನು ಬರೆದ ಹಾಗೆಯೇ ನಡಿಸುವದು, ಅಂದಚಂದಗಳನ್ನು ನೋಡುವದಿಲ್ಲ, ಬೇಸರವನ್ನೂ ಪಡುವದಿಲ್ಲ. ಎರಡನೆಯವರು ಮನುಷ್ಯರು, ಅವರು ಆ ಪಾಠವನ್ನು ಆರು ತಿಂಗಳ ಬಳಿಕವೋ ಆರು ವರುಷಗಳ ಬಳಿಕವೋ ತೆರೆದು, ತಪ್ಪೆಲ್ಲಿದೆಯೆಂದು ಹುಡುಕಿ ತಿದ್ದಬೇಕಾದವರು. ಯಂತ್ರಕ್ಕೆ ಚೆನ್ನಾಗಿ ತಿಳಿಯುವ ಕೋಡ್ ಮನುಷ್ಯರಿಗೆ ತಲೆಬುಡ ತಿಳಿಯದೆ ಹೋಗುವದುಂಟು. ಈ ಎರಡನೆಯ ಓದುಗರ ಪಕ್ಷವನ್ನು ಹಿಡಿದು ನಾವು ಇಲ್ಲಿ ಕೆಲವು ಮಾತುಗಳನ್ನು ಬರೆಯಬೇಕೆಂದಿದ್ದೇವೆ. ನಮ್ಮ ಶಾಲೆಯಿಂದ ಹೊರಟ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಈ ಕೆಲಸದಲ್ಲಿಯೇ ಇರುವದರಿಂದ ವಿಷಯವು ನಮಗೆ ದೂರದ್ದಲ್ಲ.

ಮೊದಲು ಎರಡು ಪದಗಳ ಅರ್ಥವನ್ನು ತಿಳಿಸುವದು ಅವಶ್ಯವಾಗಿದೆ. ಬರೆದ ಕೋಡನ್ನು ಬಚ್ಚಿಡದೆ, ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು, ತಿದ್ದಿ ಹಂಚಬಹುದು ಎಂದು ಪತ್ರಮುಖೇನ ಅಪ್ಪಣೆಯನ್ನು ಕೊಟ್ಟು ಹೊರಡಿಸುವ ತಂತ್ರಾಂಶಕ್ಕೆ ಓಪನ್ ಸೋರ್ಸ್ ತಂತ್ರಾಂಶವೆಂದು ಹೆಸರು. ಫ್ರೇಮ್‌ವರ್ಕ್ ಎಂದರೆ ಚೌಕಟ್ಟು. ಮನೆಯನ್ನು ಕಟ್ಟುವವರು ಕಂಬ, ತೊಲೆ, ಜಂತೆಗಳನ್ನು ಮೊದಲು ನಿಲ್ಲಿಸಿ ಆ ಮೇಲೆ ತಮತಮಗೆ ಬೇಕಾದ ಹಾಗೆ ಗೋಡೆಗಳನ್ನು ಎಬ್ಬಿಸಿಕೊಳ್ಳುವಂತೆ, ಜಾಲತಾಣಗಳನ್ನು ಕಟ್ಟುವವರಿಗೂ ಎಲ್ಲರಿಗೆ ಸಮಾನವಾದ ಕೆಲವು ಕೆಲಸಗಳಿರುತ್ತವೆ. ಬಂದವರು ಯಾರೆಂದು ಗುರುತಿಸುವದು, ಅವರ ಗುಪ್ತಪದವನ್ನು ಕಾಪಾಡುವದು, ತುಂಬಿ ಕಳುಹಿಸಿದ ಅರ್ಜಿಯಲ್ಲಿ ತಪ್ಪಿದೆಯೋ ಎಂದು ನೋಡುವದು, ಲೆಕ್ಕಪತ್ರಗಳನ್ನು ಕೋಷ್ಟಕಗಳಲ್ಲಿ ಇಡುವದು ಇವೇ ಮುಂತಾದವು. ಪ್ರತಿಯೊಬ್ಬರೂ ಇವನ್ನು ಹೊಸದಾಗಿ ಬರೆಯುವ ಬದಲು ಒಮ್ಮೆ ಚೆನ್ನಾಗಿ ಬರೆದು ಎಲ್ಲರೂ ಬಳಸುವಂತೆ ಇಟ್ಟದ್ದೇ ಚೌಕಟ್ಟು. ಒಂದು ಮನೆಯ ಗೋಡೆಯು ಬಿರಿದರೆ ಅದು ಆ ಮನೆಯವರ ಪಾಡು. ಸಾವಿರ ಮನೆಗಳಿಗೆ ಒಂದೇ ಕಡೆಯಿಂದ ಹೋದ ತೊಲೆಯಲ್ಲಿ ಹುಳುವಿದ್ದರೆ ಸಾವಿರ ಮನೆಯವರೂ ಭಯಪಡಬೇಕಾಗುವದು. ಆದಕಾರಣ ಬೇರೆ ಕೋಡಿಗಿಂತಲೂ ಚೌಕಟ್ಟಿನ ಕೋಡ್ ಹೆಚ್ಚು ಶುದ್ಧವಾಗಿರತಕ್ಕದ್ದು.

ಓದಬಹುದೆಂದು ಅಪ್ಪಣೆಯನ್ನು ಕೊಟ್ಟ ಮಾತ್ರಕ್ಕೆ ಓದಲು ಬರುವದೇ? ನಮ್ಮ ವಾದವೆಲ್ಲ ಈ ಪ್ರಶ್ನೆಯಲ್ಲಿದೆ. ಎತ್ತರದ ಜಗುಲಿಯ ಮನೆಯ ಬಾಗಿಲನ್ನು ಹಗಲೂ ರಾತ್ರಿಯೂ ತೆರೆದಿಟ್ಟು ಮೆಟ್ಟಿಲುಗಳನ್ನು ಮಾತ್ರ ಕಟ್ಟದೆ ಬಿಟ್ಟರೆ, ಆ ಮನೆಗೆ ಹೋಗುವವರು ಕಾಲ್ಬಲವುಳ್ಳವರು ಮಾತ್ರ. ಓಪನ್ ಸೋರ್ಸ್ ಪತ್ರವು ಬಾಗಿಲನ್ನು ತೆರೆಯುವದು. ತಿಳಿಯಾದ ಕೋಡೂ ನಂಬತಕ್ಕ ಕೈಪಿಡಿಯೂ ಮೆಟ್ಟಿಲುಗಳಾಗಿವೆ. ಇವೆರಡಿಲ್ಲದಿದ್ದರೆ ಮೊದಲು ಬರೆದವರೂ ಅವರ ಪಕ್ಕದಲ್ಲಿ ಕುಳಿತು ಕೇಳಿಕೊಂಡವರೂ ಹೊರತು ಮತ್ತಾರೂ ಆ ಹಕ್ಕನ್ನು ಅನುಭವಿಸಲಾರರು. ಚಿಕ್ಕ ಊರಿನಲ್ಲಿ ಒಬ್ಬಂಟಿಯಾಗಿ ಕಲಿಯುವ ಹುಡುಗಿಗೆ ಕೇಳಲು ಪಕ್ಕದಲ್ಲಿ ಯಾರಿದ್ದಾರೆ? ಅವಳಿಗೆ ಕೈಪಿಡಿಯೇ ಉಪಾಧ್ಯಾಯಿನಿ.

ಬರಿಯ ಮಾತಿನಲ್ಲಿ ಹೇಳುವದಕ್ಕಿಂತ ಒಂದು ನಿಜವಾದ ಚೌಕಟ್ಟನ್ನು ತಕ್ಕೊಂಡು ನೋಡೋಣ. ಅಮೆರಿಕದ ಕಾನ್ಸಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನಲ್ಲಿ ಲಾರೆನ್ಸ್ ಜರ್ನಲ್-ವರ್ಲ್ಡ್ ಎಂಬ ವರ್ತಮಾನ ಪತ್ರಿಕೆಯುಂಟು. ಅದರ ಜಾಲತಾಣವನ್ನು ನೋಡಿಕೊಳ್ಳುತ್ತಿದ್ದ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬಿಬ್ಬರು ತರುಣರು 2003ರಲ್ಲಿ ಪೈಥಾನ್ ಭಾಷೆಯಲ್ಲಿ ತಮ್ಮ ಕೆಲಸಕ್ಕಾಗಿ ಒಂದು ಚೌಕಟ್ಟನ್ನು ಬರೆಯಲಾರಂಭಿಸಿದರು. ಪತ್ರಿಕೆಯ ಕೆಲಸವೆಂದರೆ ಗಂಟೆಯ ಮೇಲೆ ನಡೆಯತಕ್ಕದ್ದು. ಬೆಳಿಗ್ಗೆ ಬೇಕೆಂದದ್ದು ಸಾಯಂಕಾಲಕ್ಕೆ ಸಿದ್ಧವಾಗಬೇಕು. ಆ ಅವಸರದಲ್ಲಿ ಹುಟ್ಟಿದ ಚೌಕಟ್ಟು ಜೇಕಬ್ ಕ್ಯಾಪ್ಲನ್-ಮಾಸ್ ಎಂಬವರೂ ಸೇರಿಕೊಂಡ ಬಳಿಕ 2005ನೇ ಜುಲೈ ತಿಂಗಳಲ್ಲಿ ಸರ್ವರಿಗೂ ಬಿಡುಗಡೆಯಾಯಿತು. ಜ್ಯಾಂಗೋ ರೈನ್‌ಹಾರ್ಟ್ ಎಂಬ ಪ್ರಸಿದ್ಧ ಗಿಟಾರು ವಾದಕನ ಹೆಸರನ್ನು ಅದಕ್ಕಿಟ್ಟರು. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲು ಬರುವ ಡಿ ಅಕ್ಷರವನ್ನು ಉಚ್ಚರಿಸಬಾರದೆಂದು ಅದರ ಕೈಪಿಡಿಯೇ ಹೇಳುತ್ತದೆ. ಹೆಸರನ್ನು ತಪ್ಪಾಗಿ ಹೇಳಿ ಹೊಸಬರು ನಗೆಗೀಡಾಗಬಾರದೆಂಬ ಈ ಸಣ್ಣ ಎಚ್ಚರಿಕೆಯು ನಮಗೆ ಬಹಳ ಮೆಚ್ಚುಗೆಯಾಯಿತು. 2008ರಲ್ಲಿ ಅದನ್ನು ನೋಡಿಕೊಳ್ಳಲು ಲಾಭದ ಉದ್ದೇಶವಿಲ್ಲದ ಒಂದು ಪ್ರತಿಷ್ಠಾನವು ಸ್ಥಾಪಿತವಾಗಿ, ಅದೇ ವರುಷದ ಸೆಪ್ಟೆಂಬರಿನಲ್ಲಿ 1.0 ಎಂಬ ಆವೃತ್ತಿಯು ಹೊರಬಿತ್ತು. ಇನ್‌ಸ್ಟಾಗ್ರಾಮ್ ಎಂಬ ಚಿತ್ರಗಳ ತಾಣವನ್ನು ಕಟ್ಟಿದ್ದು ಈ ಚೌಕಟ್ಟಿನ ಮೇಲೆಯೇ.

ಕೋಡಿನ ಶುದ್ಧಿ ಎಂಬದು ಯಾವದು? ಅದು ಯಂತ್ರದಲ್ಲಿ ಓಡುವದೆಂಬುದಷ್ಟೇ ಅಲ್ಲ. ನಮ್ಮ ಧಾರವಾಡ ಸೀಮೆಯ ಕಸೂತಿಯನ್ನು ಬಲ್ಲವರು ಬಟ್ಟೆಯ ಮೇಲ್ಭಾಗವನ್ನು ನೋಡಿ ಸುಮ್ಮನಾಗುವದಿಲ್ಲ, ತಿರುವಿ ಹಿಂಬದಿಯನ್ನು ನೋಡುತ್ತಾರೆ. ಗವಂತಿಯ ಹೊಲಿಗೆಯಲ್ಲಿ ನೂಲಿಗೆ ಗಂಟು ಹಾಕದೆ, ಹೋದ ದಾರಿಯಲ್ಲಿಯೇ ಮರಳಿ ಬಂದು, ಎರಡು ಬದಿಗಳೂ ಒಂದೇ ಸಮನಾಗಿ ಕಾಣುವಂತೆ ತುಂಬಬೇಕು. ಹಿಂಬದಿಯಲ್ಲಿ ಸಿಕ್ಕುಗಟ್ಟಿದ ನೂಲಿದ್ದರೆ ಮುಂದೆ ಅದನ್ನು ಬಿಚ್ಚಿ ಸರಿಮಾಡುವವಳ ಗತಿಯೇನು? ಕೋಡಿನ ಹಿಂಬದಿಯೂ ಹಾಗೆಯೇ. ಹೆಸರುಗಳು ಅರ್ಥವುಳ್ಳವುಗಳಾಗಿರಬೇಕು, ಒಂದು ಭಾಗವು ಒಂದೇ ಕೆಲಸವನ್ನು ಮಾಡಬೇಕು, ಒಂದು ಕಡೆ ಎಳೆದ ನೂಲು ಕಾಣದ ಮತ್ತೊಂದು ಕಡೆಯನ್ನು ಸುಕ್ಕುಗಟ್ಟಿಸಬಾರದು.

ಜ್ಯಾಂಗೋವಿನ ಆರಂಭದ ದಿನಗಳಲ್ಲಿ ಇಂಥದ್ದೊಂದು ಸುಕ್ಕು ಇತ್ತು. ಬಳಸುವವರು ತಮ್ಮ ಕೋಷ್ಟಕಗಳ ವರ್ಣನೆಯನ್ನು ತಮ್ಮ ಕಡತದಲ್ಲಿ ಒಂದು ಹೆಸರಿನಿಂದ ಬರೆದರೆ, ಚೌಕಟ್ಟು ತಾನಾಗಿಯೇ ಅದನ್ನು ಬಹುವಚನದ ಮತ್ತೊಂದು ಹೆಸರಿನಿಂದ ತನ್ನ ಉಗ್ರಾಣದಲ್ಲಿ ಪ್ರತ್ಯಕ್ಷ ಮಾಡುತ್ತಿತ್ತು. ಬೇಕಾದಾಗ ಅಲ್ಲಿಂದಲೇ ಕರೆದುಕೊಳ್ಳಬೇಕಾಗಿತ್ತು. ಬರೆದವರಿಗೆ ಇದು ಬಲು ಚಮತ್ಕಾರವಾಗಿ ಕಂಡಿರಬಹುದು. ಆದರೆ ಹೊಸಬರು ತಾವು ಇಟ್ಟ ವಸ್ತುವು ಇಟ್ಟಲ್ಲಿ ಇಲ್ಲದೆ ಇಡದ ಸ್ಥಳದಲ್ಲಿ ಕಾಣಿಸಿಕೊಂಡದ್ದನ್ನು ನೋಡಿ ದಿಕ್ಕುಗೆಡುತ್ತಿದ್ದರು. ಆದುದರಿಂದ 2006ರಲ್ಲಿ ಬಂದ 0.95ನೆಯ ಆವೃತ್ತಿಗಾಗಿ ಅವರೆಲ್ಲರೂ ಕೂಡಿ ಈ ತೆರದ ಇಂದ್ರಜಾಲವನ್ನೆಲ್ಲ ಕಿತ್ತು ಹಾಕಿದರು. ಆ ಕೆಲಸಕ್ಕೆ ಮಾಯೆಯ ನಿವಾರಣೆ ಎಂಬರ್ಥದ ಹೆಸರನ್ನೇ ಇಟ್ಟಿದ್ದರು. ಆ ತನಕ ಜ್ಯಾಂಗೋವಿನ ಮೇಲೆ ಕಟ್ಟಿದವರು ತಮ್ಮ ಕೋಡನ್ನು ತಿದ್ದಿಕೊಳ್ಳಬೇಕಾಗಿ ಬಂತೆಂಬದು ನಿಜ. ಆದರೂ 1.0 ಹೊರಬರುವ ಮೊದಲೇ ಹೀಗೆ ಮಾಡಿದ್ದು ಒಳ್ಳೆಯದಾಯಿತೆಂದು ನಾವು ತಿಳಿಯುತ್ತೇವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಬರೆವಣಿಗೆಯ ಹೊರರೂಪದ ವಿಷಯವಾಗಿಯೂ ಒಂದು ಮಾತು. ಪೈಥಾನ್ ಭಾಷೆಯವರು 2001ರಲ್ಲಿಯೇ ಸಾಲಿನ ಉದ್ದವೆಷ್ಟು, ಎಲ್ಲಿ ಎಷ್ಟು ತೆರವು ಬಿಡಬೇಕು, ಹೆಸರುಗಳನ್ನು ಹೇಗೆ ಬರೆಯಬೇಕು ಎಂಬ ನಿಯಮಗಳನ್ನು ಮಾಡಿಟ್ಟಿದ್ದರು. ಜ್ಯಾಂಗೋವಿನವರು 2022ರಲ್ಲಿ ಬ್ಲ್ಯಾಕ್ ಎಂಬ ಉಪಕರಣವನ್ನು ಅಂಗೀಕರಿಸಿ ತಮ್ಮ ಕೋಡನ್ನೆಲ್ಲ ಅದರ ಮುಖಾಂತರ ಒಂದೇ ಅಚ್ಚಿಗೆ ತಂದರು. ಸಾಲನ್ನು ಎಲ್ಲಿ ಮುರಿಯಬೇಕೆಂಬ ಜಗಳವನ್ನು ಯಂತ್ರಕ್ಕೆ ಒಪ್ಪಿಸಿಬಿಟ್ಟರೆ ಮನುಷ್ಯರ ಬುದ್ಧಿಯು ಅರ್ಥವನ್ನು ವಿಚಾರಿಸಲು ಉಳಿಯುವದು. ಇದರಲ್ಲಿ ಹೆಚ್ಚು ಹೇಳತಕ್ಕದ್ದೇನೂ ಇಲ್ಲ.

ಕೈಪಿಡಿಯ ವಿಷಯವಾದರೋ ವಿಸ್ತಾರವಾಗಿ ಹೇಳತಕ್ಕದ್ದಾಗಿದೆ. ಕೈಪಿಡಿಯೆಂದರೆ ಒಂದೇ ಬಗೆಯ ಪುಸ್ತಕವೆಂದು ತಿಳಿಯುವದರಿಂದಲೇ ಅನೇಕ ಕೈಪಿಡಿಗಳು ಕೆಟ್ಟಿವೆ. ಅಡಿಗೆಯನ್ನೇ ಕಲಿಯದ ಹುಡುಗಿಗೆ ಮೊದಲ ದಿನ ಅನ್ನ, ಸಾರುಗಳನ್ನು ಪಕ್ಕದಲ್ಲಿ ನಿಂತು ಮಾಡಿಸುವದು ಒಂದು. ಅಡಿಗೆ ಬಲ್ಲವಳು ಇಂದು ಹೋಳಿಗೆಯನ್ನು ಮಾಡಬೇಕೆಂದರೆ ಅದರ ಕ್ರಮವನ್ನು ಮಾತ್ರ ಹೇಳುವದು ಮತ್ತೊಂದು. ಹುಳಿಯು ಹಿತ್ತಾಳೆಯ ಪಾತ್ರೆಯಲ್ಲಿ ಯಾಕೆ ಕಿಲುಬುವದೆಂದು ಕಾರಣವನ್ನು ವಿವರಿಸುವದು ಮೂರನೆಯದು. ಯಾವ ಡಬ್ಬಿಯಲ್ಲಿ ಏನಿದೆ, ಎಷ್ಟಿದೆ ಎಂಬ ಪಟ್ಟಿಯು ನಾಲ್ಕನೆಯದು. ಇವನ್ನು ಕಲಬೆರಕೆ ಮಾಡಿದರೆ ಯಾರಿಗೂ ಪ್ರಯೋಜನವಾಗದು. ಜ್ಯಾಂಗೋವಿನ ಕೈಪಿಡಿಯು ಈ ನಾಲ್ಕನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ಅದರ ಮೊದಲ ಪಾಠವು ಜನರು ಪ್ರಶ್ನೆಗಳಿಗೆ ತಮ್ಮ ಮತವನ್ನು ಕೊಡತಕ್ಕ ಒಂದು ಸಣ್ಣ ತಾಣವನ್ನು ಭಾಗ ಭಾಗವಾಗಿ ಕಟ್ಟಿಸುವದು. ಓದುವವರು ಪ್ರತಿಯೊಂದು ಭಾಗದ ಅಂತ್ಯದಲ್ಲಿ ತಮ್ಮ ಕೈಯಿಂದಾದ ಏನನ್ನಾದರೂ ತೆರೆಯ ಮೇಲೆ ಕಾಣುತ್ತಾರೆ. ಕಾರಣಗಳನ್ನು ತಿಳಿಸುವ ಅಧ್ಯಾಯಗಳೂ, ಕ್ರಮವನ್ನು ಹೇಳುವ ಅಧ್ಯಾಯಗಳೂ, ಪ್ರತಿಯೊಂದು ಭಾಗದ ಲಕ್ಷಣವನ್ನು ಬರೆದಿಟ್ಟ ಸೂಚಿಯೂ ಬೇರೆ ಬೇರೆ ಇವೆ.

ಕೈಪಿಡಿಯನ್ನು ಬರೆಯುವವರಿಗಾಗಿ ಅವರು ಮಾಡಿಟ್ಟ ನಿಯಮಗಳಲ್ಲಿ ಎರಡನ್ನು ನಮ್ಮ ವಾಚಕಿಯರು ತಿಳಿಯಬೇಕೆಂದು ನಮ್ಮ ಅಪೇಕ್ಷೆ. ಒಂದು ಕೆಲಸವು ಸುಲಭ, ಸರಳ, ಸುಮ್ಮನೆ ಇಷ್ಟು ಮಾಡಿದರಾಯಿತು ಎಂಬರ್ಥದ ಮಾತುಗಳನ್ನು ಬಳಸಬಾರದೆಂಬದು ಒಂದು ನಿಯಮ. ಬರೆದವರಿಗೆ ಸುಲಭವಾದದ್ದು ಓದುವವರಿಗೆ ಸುಲಭವಾಗಿರದೆ ಇದ್ದರೆ, ಆ ಒಂದು ಶಬ್ದವೇ ಅವರನ್ನು ದಡ್ಡರೆಂದು ಬೈದ ಹಾಗಾಗುವದು. ಲೆಕ್ಕದ ಪುಸ್ತಕದಲ್ಲಿ 'ಇದು ಸ್ಪಷ್ಟವೇ ಆಗಿದೆ' ಎಂಬ ಮಾತನ್ನು ಕಂಡು ಅತ್ತ ಮಕ್ಕಳನ್ನು ಉಪಾಧ್ಯಾಯಿನಿಯರೆಲ್ಲರೂ ನೋಡಿರುವರು. ಎರಡನೆಯ ನಿಯಮವೇನೆಂದರೆ, ದೃಷ್ಟಾಂತಕ್ಕಾಗಿ ಒಬ್ಬ ಬಳಕೆಗಾರರನ್ನು ಹೇಳುವಾಗ ಗಂಡೆಂದೂ ಹೆಣ್ಣೆಂದೂ ತೋರದ ಸರ್ವನಾಮವನ್ನೇ ಉಪಯೋಗಿಸತಕ್ಕದ್ದೆಂಬದು. ಇಂಗ್ಲಿಷಿನಲ್ಲಿ ಇದಕ್ಕಾಗಿ ಬಹುವಚನದ ರೂಪವನ್ನು ಎರವಲು ತಕ್ಕೊಳ್ಳುತ್ತಾರೆ. ನಮ್ಮ ಕನ್ನಡದಲ್ಲಿ 'ಅವರು' ಎಂಬ ಗೌರವದ ಮಾತು ತಾನಾಗಿಯೇ ಇಬ್ಬರಿಗೂ ಸಲ್ಲುವದು. ಹಾಗಿದ್ದರೂ ನಮ್ಮವರು ಯಂತ್ರದ ವಿಷಯವನ್ನು ಬರೆಯುವಾಗ 'ಬಳಕೆದಾರನು' ಎಂದೇ ಬರೆಯುವದು ಯಾಕೆಂದು ನಮಗೆ ತಿಳಿಯದು. ಕೈಪಿಡಿಯ ನೂರು ಪುಟಗಳಲ್ಲಿಯೂ 'ಅವನು' ಎಂಬದನ್ನೇ ಓದಿದ ಹುಡುಗಿಯು ತನ್ನನ್ನು ಕರೆಯಲಿಲ್ಲವೆಂದು ಎಣಿಸಿದರೆ ತಪ್ಪು ಅವಳದಲ್ಲ.

ಕೈಪಿಡಿಗೆ ಒಂದು ದೊಡ್ಡ ರೋಗವುಂಟು. ಬರೆದ ದಿನ ಅದು ಸರಿಯಾಗಿಯೇ ಇರುತ್ತದೆ; ಕೋಡ್ ಮುಂದೆ ನಡೆಯುವದು, ಕೈಪಿಡಿಯು ನಿಂತಲ್ಲಿಯೇ ನಿಲ್ಲುವದು. ದಾರಿಯನ್ನು ತಿರುಗಿಸಿದ ಮೇಲೆಯೂ ಹಳೆಯ ಕೈಮರವನ್ನು ಕೀಳದೆ ಬಿಟ್ಟ ಹಾಗೆ ಅದು ಪಯಣಿಗರನ್ನು ಕೆರೆಗೆ ಕಳುಹಿಸುವದು. ಕೈಪಿಡಿಯೇ ಇಲ್ಲದಿದ್ದರೆ ಜನರು ಎಚ್ಚರದಿಂದಾದರೂ ನಡೆಯುವರು. ಆದುದರಿಂದ ಸುಳ್ಳಾದ ಕೈಪಿಡಿಯು ಇಲ್ಲದ ಕೈಪಿಡಿಗಿಂತ ಕೆಡುಕು. ಇದಕ್ಕೆ ಜ್ಯಾಂಗೋವಿನವರು ಕಂಡುಕೊಂಡ ಮದ್ದು ಶಿಸ್ತಿನದು. ಯಾರಾದರೂ ಹೊಸ ಸೌಕರ್ಯವನ್ನು ಬರೆದು ಕಳುಹಿಸಿದರೆ, ಅದರ ಸಂಗಡ ಅದನ್ನು ಪರೀಕ್ಷಿಸುವ ಕೋಡೂ ಅದನ್ನು ವಿವರಿಸುವ ಕೈಪಿಡಿಯ ಪುಟವೂ ಬಂದಿರಬೇಕು. ಇಲ್ಲದಿದ್ದರೆ ಆ ಕಾಗದದ ಮೇಲೆ 'ವಿವರಣೆ ಬೇಕು', 'ಪರೀಕ್ಷೆ ಬೇಕು' ಎಂಬ ಗುರುತುಗಳನ್ನು ಹಾಕುವರು. ಆ ಗುರುತುಗಳು ಹೋಗುವ ತನಕ ಕೋಡ್ ಎಷ್ಟು ಚೆನ್ನಾಗಿದ್ದರೂ ಒಳಗೆ ಸೇರದು. ಪರೀಕ್ಷೆಯೆಂದರೆ, ಇಂಥದ್ದನ್ನು ಕೊಟ್ಟರೆ ಇಂಥದ್ದೇ ಬರಬೇಕೆಂದು ನೋಡುವ ಕೋಡು. ಇಂಥ ಸಾವಿರಾರು ಪರೀಕ್ಷೆಗಳು ಶೇಖರವಾಗಿ, ಪ್ರತಿಯೊಂದು ತಿದ್ದುಪಡಿಯ ಸಮಯದಲ್ಲಿಯೂ ಅವೆಲ್ಲವನ್ನೂ ಯಂತ್ರದಿಂದ ನಡಿಸುತ್ತಾರೆ. ಮೇಲಾಗಿ ಹಳೆಯ ಒಂದು ಸೌಕರ್ಯವನ್ನು ತೆಗೆದುಬಿಡಬೇಕಾದರೆ ಒಮ್ಮೆಗೇ ತೆಗೆಯುವದಿಲ್ಲ. ಸುಮಾರು 8 ತಿಂಗಳಿಗೊಂದರಂತೆ ಬರುವ ಆವೃತ್ತಿಗಳಲ್ಲಿ ಕಡಿಮೆಯೆಂದರೆ ಎರಡು ಕಳೆಯುವ ತನಕ, ಇದು ಹೋಗಲಿದೆ, ಇದರ ಬದಲು ಅದನ್ನು ಬಳಸಿರಿ ಎಂದು ಕೋಡೂ ಕೈಪಿಡಿಯೂ ಎಚ್ಚರಿಸುತ್ತಿರುವವು. ಬಾಡಿಗೆಯ ಮನೆಯವರಿಗೆ ಮುಂಚಿತವಾಗಿ ನೋಟೀಸು ಕೊಡುವ ಸಭ್ಯತೆಯಿದು.

ಇಷ್ಟನ್ನೆಲ್ಲ ಓದಿ, ಕೈಪಿಡಿಯಲ್ಲಿ ಬರೆದಿಟ್ಟರೆ ಸಾಕು, ಕರ್ತವ್ಯವು ತೀರಿತು ಎಂದು ಯಾರಾದರೂ ಎಣಿಸಿಯಾರು. ಹಾಗಲ್ಲವೆಂಬದಕ್ಕೆ ಮತ್ತೊಂದು ಚೌಕಟ್ಟಿನ ಕಥೆಯನ್ನು ಹೇಳಬೇಕಾಗಿದೆ. ರೂಬಿ ಆನ್ ರೈಲ್ಸ್ ಎಂಬ ಚೌಕಟ್ಟು 2004ರಲ್ಲಿ ಹೊರಟು ಬಹಳ ಬೇಗನೆ ಲೋಕಪ್ರಿಯವಾಯಿತು. ಅದರಲ್ಲಿ ಒಂದು ಅನುಕೂಲವಿತ್ತು. ಬಂದವರು ತುಂಬಿ ಕಳುಹಿಸಿದ ಅರ್ಜಿಯ ಎಲ್ಲ ಅಂಕಣಗಳನ್ನೂ ಅದು ಒಂದೇ ಏಟಿಗೆ ದಫ್ತರದಲ್ಲಿ ಬರೆದುಕೊಳ್ಳುತ್ತಿತ್ತು. ಹೆಸರು, ವಿಳಾಸ ಎಂಬ ಎರಡೇ ಅಂಕಣಗಳ ಅರ್ಜಿಯನ್ನು ಕೊಟ್ಟಾಗ, ಒಬ್ಬರು ತಾವಾಗಿ 'ಅಧಿಕಾರಿ: ಹೌದು' ಎಂಬ ಮೂರನೆಯ ಅಂಕಣವನ್ನು ಕೈಯಿಂದ ಸೇರಿಸಿ ಕಳುಹಿಸಿದರೆ ಅದೂ ದಫ್ತರಕ್ಕೆ ಸೇರುವದು! ಈ ಅಪಾಯವು ಕೈಪಿಡಿಯ ಸುರಕ್ಷತೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಯಾವ ಅಂಕಣಗಳನ್ನು ಸ್ವೀಕರಿಸಬಹುದೆಂದು ಕಟ್ಟುವವರು ಗೊತ್ತುಮಾಡಬೇಕೆಂದೂ ಹೇಳಿತ್ತು. ಆದರೆ ಗೊತ್ತುಮಾಡದೆ ಬಿಟ್ಟರೆ ಬಾಗಿಲು ತೆರೆದೇ ಇರುತ್ತಿತ್ತು. ರಷ್ಯದ ಒಬ್ಬ ತರುಣನು ಈ ವಿಷಯವನ್ನು ಚೌಕಟ್ಟಿನವರ ಮುಂದೆ ಇಟ್ಟಾಗ, ಅದು ಕಟ್ಟುವವರ ಹೊಣೆಯೆಂಬ ಉತ್ತರವು ಬಂತು. ಆಗ ಅವನು 2012ನೇ ಮಾರ್ಚಿ ತಿಂಗಳಲ್ಲಿ, ರೈಲ್ಸಿನ ಮೇಲೆಯೇ ಕಟ್ಟಲ್ಪಟ್ಟ, ಲೋಕದ ಎಷ್ಟೋ ಓಪನ್ ಸೋರ್ಸ್ ಕೋಡಿಗೆ ಉಗ್ರಾಣವಾದ ಗಿಟ್‌ಹಬ್ ಎಂಬ ತಾಣದಲ್ಲಿಯೇ ಆ ಯುಕ್ತಿಯನ್ನು ಮಾಡಿ, ರೈಲ್ಸಿನ ಸ್ವಂತ ಕೋಡಿನೊಳಗೆ ಒಂದು ಕಡತವನ್ನು ಸೇರಿಸಿ ತೋರಿಸಿದನು. ಗಿಟ್‌ಹಬ್‌ನವರು ಅದೇ ದಿನ ರಂಧ್ರವನ್ನು ಮುಚ್ಚಿದರು. ಕೈಪಿಡಿಯನ್ನು ಇತರರಿಗಿಂತ ಚೆನ್ನಾಗಿ ಬಲ್ಲ ನಿಪುಣರೇ ಮರೆತದ್ದನ್ನು ಮೊನ್ನೆ ಕಲಿಯಲಾರಂಭಿಸಿದವರು ನೆನಪಿಡಬೇಕೆಂದು ಹೇಳುವದು ನ್ಯಾಯವೇ? ಆ ತಿಂಗಳ ಕೊನೆಯಲ್ಲಿಯೇ ಹೊರಟ ರೈಲ್ಸಿನ ಆವೃತ್ತಿಯಲ್ಲಿ ಹೊಸದಾಗಿ ಕಟ್ಟುವವರಿಗೆ ಬಾಗಿಲು ಮುಚ್ಚಿಯೇ ಇರುವಂತೆ ಮಾಡಿದರು; 2013ರ 4ನೆಯ ಆವೃತ್ತಿಯಲ್ಲಿ ಕ್ರಮವನ್ನೇ ಬದಲಾಯಿಸಿದರು.

ಜ್ಯಾಂಗೋವಿನಲ್ಲಿಯೂ ಹೋಲಿಕೆಯ ಸಂಗತಿಯೊಂದು ನಡೆದಿತ್ತು. ಹೊರಗಿನವರು ಬರೆದ ಮಾತುಗಳನ್ನು ಪುಟದ ಮೇಲೆ ತೋರಿಸುವಾಗ, ಅವುಗಳೊಳಗೆ ಅಡಗಿಸಿಟ್ಟ ಆಜ್ಞೆಗಳನ್ನು ನಿರ್ವಿಷಗೊಳಿಸುವ ಕೆಲಸವನ್ನು ಮೊದಲು ಕಟ್ಟುವವರೇ ಪ್ರತಿಯೊಂದು ಕಡೆಯಲ್ಲಿ ನೆನಪಿನಿಂದ ಮಾಡಬೇಕಾಗಿತ್ತು. 1.0ನೆಯ ಆವೃತ್ತಿಯಿಂದ ಅದು ತಾನಾಗಿ ನಡೆಯುವಂತಾಯಿತು. ಬೇಡವೆನ್ನುವವರು ಮಾತ್ರ ಹಾಗೆಂದು ಬರೆಯಬೇಕು. ಬಾವಿಗೆ ಕಟ್ಟೆಯನ್ನು ಕಟ್ಟದೆ 'ಇಲ್ಲಿ ಬಾವಿಯಿದೆ' ಎಂಬ ಹಲಗೆಯನ್ನು ಮಾತ್ರ ನೆಟ್ಟವರು ತಮ್ಮ ಕರ್ತವ್ಯವನ್ನು ಅರ್ಧವೇ ಮಾಡಿದವರು. ಕೋಡಿನಲ್ಲಿ ತಡೆಯಬಹುದಾದ ಅಪಾಯವನ್ನು ಕೋಡಿನಲ್ಲಿಯೇ ತಡೆಯಬೇಕು. ತಡೆಯಲಾರದ್ದನ್ನು ಕೈಪಿಡಿಗೆ ಬಿಡಬೇಕು.

ಇನ್ನು ಈ ಕೆಲಸವನ್ನೆಲ್ಲ ಮಾಡುವವರು ಯಾರು? ತೆರೆದಿಟ್ಟ ಕೋಡನ್ನು ಸಾವಿರ ಕಣ್ಣುಗಳು ನೋಡುವದರಿಂದ ಅದರಲ್ಲಿ ದೋಷವು ಬಹುಕಾಲ ಅಡಗಿರಲಾರದೆಂದು ಓಪನ್ ಸೋರ್ಸಿನವರು ಹೇಳಿಕೊಳ್ಳುವದುಂಟು. ಕಣ್ಣುಗಳಿದ್ದರೆ ಸರಿ. ಓಪನ್ ಎಸ್ಎಸ್ಎಲ್ ಎಂಬ ಕೋಡ್ ಚೌಕಟ್ಟಲ್ಲದಿದ್ದರೂ ಎಷ್ಟೋ ಚೌಕಟ್ಟುಗಳ ಕೆಳಗೆ ತಳಹದಿಯಂತೆ ಇರತಕ್ಕದ್ದು. ಗುಪ್ತವಾಗಿ ಮಾತನಾಡುವ ತಾಣಗಳ ಬೀಗದ ಕೈ ಅದರ ವಶದಲ್ಲಿತ್ತು. ಎರಡು ಯಂತ್ರಗಳು ಮಾತಿನ ನಡುವೆ ಪರಸ್ಪರ ಜೀವದಿಂದಿವೆಯೋ ಎಂದು ಕೇಳಿಕೊಳ್ಳುವ ಪದ್ಧತಿಯೊಂದು 2012ರ ಮಾರ್ಚಿಯಲ್ಲಿ ಹೊರಟ ಅದರ ಆವೃತ್ತಿಯಲ್ಲಿ ಸೇರಿತು. ಒಂದು ಯಂತ್ರವು ಒಂದು ಮಾತನ್ನೂ ಅದರ ಅಕ್ಷರಸಂಖ್ಯೆಯನ್ನೂ ಕಳುಹಿಸಬೇಕು. ಮತ್ತೊಂದು ಆ ಮಾತನ್ನೇ ಹಿಂದಿರುಗಿಸಬೇಕು. 'ಕಮಲ' ಎಂಬ ಮೂರಕ್ಷರವನ್ನು ಕಳುಹಿಸಿ 'ನಾನು ಕಳುಹಿಸಿದ ಮುನ್ನೂರು ಅಕ್ಷರಗಳನ್ನು ಹಿಂದಕ್ಕೆ ಕೊಡು' ಎಂದು ಕೇಳಿದರೆ? ಕಳುಹಿಸಿದ್ದು ಎಷ್ಟೆಂದು ಎಣಿಸಿ ನೋಡುವ ಒಂದು ಸಾಲನ್ನು ಬರೆಯಲು ಮರೆತಿದ್ದರು. ಯಂತ್ರವು 'ಕಮಲ' ಎಂದು ಹೇಳಿ, ಉಳಿದ ಇನ್ನೂರ ತೊಂಬತ್ತೇಳು ಅಕ್ಷರಗಳನ್ನು ತನ್ನ ನೆನಪಿನಲ್ಲಿ ಪಕ್ಕದಲ್ಲಿದ್ದ ಯಾರ ಗುಪ್ತಪದವಾದರೂ ಆಗಲಿ, ಬೀಗದ ಕೈಯಾದರೂ ಆಗಲಿ, ತುಂಬಿ ಕೊಡುತ್ತಿತ್ತು. ಹಾರ್ಟ್‌ಬ್ಲೀಡ್ ಎಂದು ಹೆಸರಾದ ಈ ದೋಷವು 2014ನೇ ಏಪ್ರಿಲ್ 7ರಂದು ಪ್ರಕಟವಾಗುವ ತನಕ, ಎರಡು ವರುಷಕ್ಕಿಂತ ಹೆಚ್ಚು ಕಾಲ, ಎಲ್ಲರ ಕಣ್ಣೆದುರಿನಲ್ಲಿಯೇ ಇತ್ತು. ವಿಚಾರಿಸಿ ನೋಡಲಾಗಿ, ಲೋಕವೆಲ್ಲ ಆಶ್ರಯಿಸಿದ್ದ ಆ ಕೆಲಸಕ್ಕೆ ವರುಷಕ್ಕೆ ಬರುತ್ತಿದ್ದ ದಾನವು ಸುಮಾರು 2,000 ಡಾಲರುಗಳು ಮಾತ್ರವೆಂದೂ, ಪೂರ್ಣಾವಧಿಯಿಂದ ದುಡಿಯುತ್ತಿದ್ದವರು ಒಬ್ಬರೇ ಎಂದೂ ತಿಳಿದುಬಂತು. ಹಣವಂತ ಕಂಪೆನಿಗಳು ಅದರ ಮೇಲೆ ಅರಮನೆಗಳನ್ನು ಕಟ್ಟಿಕೊಂಡಿದ್ದವು!

ಹೊಸದನ್ನು ಬರೆದವರ ಹೆಸರು ಬೇಗನೆ ಹರಡುವದು. ಬಂದ ದೂರುಗಳನ್ನು ವಿಂಗಡಿಸಿ, ಇತರರು ಬರೆದದ್ದನ್ನು ಸಾಲುಸಾಲಾಗಿ ಓದಿ, ಕೈಪಿಡಿಯ ಹಳೆಯ ಪುಟವನ್ನು ತಿದ್ದಿದವರ ಹೆಸರನ್ನು ಕೇಳುವವರು ಕಡಿಮೆ. ಮನೆಯ ಕೆಲಸವನ್ನು ಬಲ್ಲ ನಮ್ಮ ಸಹೋದರಿಯರಿಗೆ ಈ ಸ್ಥಿತಿಯು ಅಪರಿಚಿತವಾದದ್ದಲ್ಲ. ಜ್ಯಾಂಗೋವಿನ ಪ್ರತಿಷ್ಠಾನವು 2014ರಿಂದ ದಾನದ ಹಣದಲ್ಲಿ ಸಂಬಳವನ್ನು ಕೊಟ್ಟು ಈ ನಿತ್ಯದ ಕೆಲಸಕ್ಕಾಗಿಯೇ ಜನರನ್ನು ನಿಯಮಿಸತೊಡಗಿತು. 2023ರಲ್ಲಿ ನಟಾಲಿಯ ಬಿಡಾರ್ಟ್, 2024ರಲ್ಲಿ ಸಾರಾ ಬಾಯ್ಸ್ ಎಂಬ ಇಬ್ಬರು ಸ್ತ್ರೀಯರು ಅದಕ್ಕೆ ಆರಿಸಲ್ಪಟ್ಟರು. ಗುಡಿಸುವ ಕೆಲಸಕ್ಕೂ ಕೂಲಿಯುಂಟೆಂದು ಒಪ್ಪಿಕೊಂಡದ್ದು ಆ ಚೌಕಟ್ಟಿನ ದೀರ್ಘಾಯುಸ್ಸಿಗೆ ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

ಒಳ್ಳೆಯ ಕೈಪಿಡಿಯು ಯಾರನ್ನು ಒಳಗೆ ಕರೆತರಬಲ್ಲದೆಂಬದಕ್ಕೆ ಜ್ಯಾಂಗೋ ಗರ್ಲ್ಸ್ ಎಂಬ ಸಂಘವು ಸಾಕ್ಷಿಯಾಗಿದೆ. ಓಲಾ ಸಿಟಾರ್ಸ್ಕ, ಓಲಾ ಸೆಂಡೆಕ್ಕ ಎಂಬ ಪೋಲೆಂಡಿನ ಇಬ್ಬರು ತರುಣಿಯರು 2014ರ ಜುಲೈಯಲ್ಲಿ ಬರ್ಲಿನ್ ನಗರದಲ್ಲಿ ಕೋಡ್ ಬರೆದೇ ತಿಳಿಯದ ಹೆಂಗಸರಿಗಾಗಿ ಒಂದು ಶಿಬಿರವನ್ನು ನಡಿಸಿದರು. ಅದಕ್ಕಾಗಿ ಅವರು ಬರೆದ ಪಾಠವು ಜ್ಯಾಂಗೋವಿನಿಂದ ಆರಂಭವಾಗುವದಿಲ್ಲ. ಅಂತರ್ಜಾಲವೆಂದರೇನು, ಒಂದು ಪುಟವು ದೂರದ ಯಂತ್ರದಿಂದ ನಮ್ಮ ಯಂತ್ರಕ್ಕೆ ಹೇಗೆ ಬರುವದು, ಕಪ್ಪು ತೆರೆಯ ಮೇಲೆ ಆಜ್ಞೆಯನ್ನು ಬೆರಳಚ್ಚಿಸುವದು ಹೇಗೆ, ಎಂದು ಅಡಿಯಿಂದ ಮೇಲೆ ಬರುವದು. ಆ ಶಿಬಿರಗಳು ಬಳಿಕ ಅನೇಕ ದೇಶಗಳಲ್ಲಿ ನಡೆದವು. ಪಾಠವು ಅನೇಕ ಭಾಷೆಗಳಿಗೆ ತಿರುಗಿತು. ಕೋಡ್ ಬದಲಾಗಲಿಲ್ಲ, ಅಪ್ಪಣೆಯ ಪತ್ರವೂ ಬದಲಾಗಲಿಲ್ಲ. 2005ರಿಂದ ತೆರೆದೇ ಇದ್ದ ಬಾಗಿಲಿಗೆ ಇನ್ನೂ ಕೆಳಗಿನ ಒಂದು ಮೆಟ್ಟಿಲನ್ನು ಇಟ್ಟರು, ಅಷ್ಟೇ.

ನಮ್ಮ ಭಾಷೆಯ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಜ್ಯಾಂಗೋ ತೆರೆಯ ಮೇಲೆ ತೋರಿಸುವ ಸಣ್ಣ ಮಾತುಗಳನ್ನು, ಅಂದರೆ ತಿಂಗಳುಗಳ ಹೆಸರು, ಅಂಕಣವು ಬರಿದಾಗಿದೆಯೆಂಬ ಸೂಚನೆ ಮುಂತಾದವುಗಳನ್ನು, ಕನ್ನಡಕ್ಕೆ ತಿರುಗಿಸಿದ ಕಡತವು ಅದರ ಕೋಡಿನೊಳಗೆ ಸೇರಿದೆ. ಕೈಪಿಡಿಯಾದರೋ ಫ್ರೆಂಚ್, ಸ್ಪ್ಯಾನಿಷ್, ಜಪಾನೀ, ಇಂಡೊನೇಷ್ಯದ ಭಾಷೆ ಮುಂತಾದವುಗಳಲ್ಲಿ ದೊರೆಯುವದು, ಕನ್ನಡದಲ್ಲಿಲ್ಲ. ಬೆಂಗಳೂರಿನಲ್ಲಿ ಕೋಡ್ ಬರೆಯುವವರು ಎಷ್ಟು ಸಾವಿರವೋ! ಮಾಡೆಲ್, ವ್ಯೂ, ಟೆಂಪ್ಲೇಟ್ ಎಂಬ ಪದಗಳಿಗೆ ಕನ್ನಡವನ್ನು ಎಲ್ಲಿಂದ ತರುವದೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ಆ ಪದಗಳನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆಯಿರಿ, ಬಸ್ಸು, ಪೆನ್ನುಗಳನ್ನು ನಾವು ಹಾಗೆಯೇ ಬರೆದುಕೊಂಡೆವು. ಹುಡುಗಿಯರು ಎಡವುವದು ಆ ಮೂರು ಪದಗಳಲ್ಲಿ ಅಲ್ಲ. ಅವುಗಳ ಸುತ್ತಲಿರುವ 'ಯಾಕೆಂದರೆ', 'ಇಲ್ಲದಿದ್ದರೆ', 'ಇದಕ್ಕಿಂತ ಮುಂಚೆ' ಎಂಬವುಗಳಲ್ಲಿ. ಮೊದಲ ಪಾಠದ ಮೊದಲ ಭಾಗವು ನಿಮ್ಮ ಯಂತ್ರದಲ್ಲಿ ಜ್ಯಾಂಗೋ ಇದೆಯೇ, ಇದ್ದರೆ ಯಾವ ಆವೃತ್ತಿಯದು ಎಂದು ನೋಡುವದರಿಂದ ಆರಂಭವಾಗುವದು. ಅದನ್ನು ಕನ್ನಡಕ್ಕೆ ತಿರುಗಿಸಲು ಇಬ್ಬರು ಹಳೆಯ ವಿದ್ಯಾರ್ಥಿನಿಯರು ಕೂಡಿ ಕುಳಿತರೆ ಕೆಲವು ಸಾಯಂಕಾಲಗಳು ಸಾಕು. ತಿರುಗಿಸಿದ್ದನ್ನು ಯಂತ್ರವನ್ನೇ ಮುಟ್ಟದ ಒಬ್ಬ ತಂಗಿಗೆ ಓದಲು ಕೊಟ್ಟು, ಅವಳು ಯಾವ ಸಾಲಿನಲ್ಲಿ ನಿಲ್ಲುವಳೋ ಆ ಸಾಲನ್ನು ಮತ್ತೆ ಬರೆಯತಕ್ಕದ್ದು.